ಅಲ್ಪವೆಚ್ಚದ ಆಕ್ರಮಣ: ‘ಮ್ಯಾಜಿಕ್’ ಎಲೆಯಾಟದಲ್ಲಿ ‘ಸ್ಲೈ’ ಕಟ್ಟಿನ ರಚನೆ

ವಿರಳವಾದ ವಸ್ತುವೇ ಬೆಲೆಯುಳ್ಳದ್ದು, ಬೆಲೆಯುಳ್ಳದ್ದೇ ಬಲವುಳ್ಳದ್ದು ಎಂಬ ಭಾವನೆ ಬಹು ಹಳೆಯದು. ಈ ಭಾವನೆಯನ್ನು ಪರೀಕ್ಷಿಸಲು ಆಟಗಳ ಚರಿತ್ರೆಯೂ ಒಂದು ತಕ್ಕ ಕ್ಷೇತ್ರ. ಅಮೆರಿಕದಲ್ಲಿ ಹುಟ್ಟಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಎಲೆಯಾಟದಲ್ಲಿ ೧೯೯೬ರಲ್ಲಿ ನಡೆದ ಒಂದು ಪ್ರಯೋಗವನ್ನು ಈ ದೃಷ್ಟಿಯಿಂದ ಇಲ್ಲಿ ವಿವರಿಸಲಾಗುವುದು.

ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ೧೯೯೩ರಲ್ಲಿ ಹೊರತಂದಿತು. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿಯಾದರೋ ಪ್ರತಿಯೊಬ್ಬನೂ ತಾನು ಕೊಂಡ ಅಥವಾ ವಿನಿಮಯದಿಂದ ಪಡೆದ ಎಲೆಗಳಿಂದ ತನ್ನದೇ ಕಟ್ಟನ್ನು ರಚಿಸಿಕೊಂಡು ಬರುತ್ತಾನೆ. ರೂಢಿಯ ಸ್ಪರ್ಧೆಗಳಲ್ಲಿ ಕಟ್ಟಿಗೆ ಕನಿಷ್ಠ ೬೦ ಎಲೆಗಳು ಬೇಕು. ಮೂಲ ಭೂಮಿಗಳ ಹೊರತು ಯಾವ ಎಲೆಯೂ ೪ಕ್ಕಿಂತ ಹೆಚ್ಚು ಇರಕೂಡದು. ಇಬ್ಬರಿಗೂ ತಲಾ ೨೦ ಪ್ರಾಣಾಂಕ. ಅದು ಸೊನ್ನೆಗಿಳಿದವನು ಸೋತನು. ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಕೆಲವನ್ನು ಹೇರಳವಾಗಿಯೂ ಕೆಲವನ್ನು ವಿರಳವಾಗಿಯೂ ಮುದ್ರಿಸುತ್ತಾರೆ. ಹೀಗಿರುವಲ್ಲಿ ಹಣವಂತನೇ ಗೆಲ್ಲುವನೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಆಟದೊಳಗೂ ಒಂದು ನಾಣ್ಯವುಂಟು. ಅದಕ್ಕೆ ‘ಮಾನಾ’ ಎಂದು ಹೆಸರು. ಸಾಮಾನ್ಯವಾಗಿ ಸರದಿಗೊಂದರಂತೆ ಭೂಮಿಯ ಎಲೆಯನ್ನು ಇಳಿಸಬಹುದು. ಪ್ರತಿಯೊಂದು ಭೂಮಿಯೂ ಸರದಿಗೆ ೧ ಮಾನಾ ಕೊಡುತ್ತದೆ. ಆದ್ದರಿಂದ ಮೊದಲ ೪ ಸರದಿಗಳಲ್ಲಿ ದೊರೆಯುವುದು ೧, ೨, ೩, ೪, ಒಟ್ಟು ೧೦. ಬಳಸದ ಮಾನಾ ಮುಂದಿನ ಸರದಿಗೆ ಉಳಿಯುವುದಿಲ್ಲ. ೪ ಮಾನಾ ಬೇಡುವ ಭಾರಿ ಎಲೆಗಳನ್ನೇ ಹಿಡಿದು ಕಾಯುವವನು ಆ ೧೦ರಲ್ಲಿ ೬ನ್ನು ವ್ಯರ್ಥಮಾಡುತ್ತಾನೆ.

ಜೇ ಶ್ನೈಡರ್ ಎಂಬಾತನು ಈ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು, ಪ್ರತಿ ಸರದಿಯ ಮಾನಾ ಪೂರ್ಣವಾಗಿ ವಿನಿಯೋಗವಾಗುವಂತೆ ಎಲೆಗಳ ಸಂಖ್ಯೆಯನ್ನು ಹೊಂದಿಸಿ ಒಂದು ಕೆಂಪು ಕಟ್ಟನ್ನು ಕಲ್ಪಿಸಿದನು. ೧೯೯೬ರಲ್ಲಿ ಅಟ್ಲಾಂಟಾದ ಅರ್ಹತಾ ಸ್ಪರ್ಧೆಯೊಂದರಲ್ಲಿ ಪಾಲ್ ಸ್ಲೈ ಅದನ್ನು ಆಡಿ ಎರಡನೆಯ ಸ್ಥಾನ ಪಡೆದನು. ಕಟ್ಟಿಗೆ ಅವನ ಹೆಸರೇ ನಿಂತಿತು.

ಅದರಲ್ಲಿದ್ದ ‘ಐರನ್‌ಕ್ಲಾ ಆರ್ಕ್ಸ್’ ಎಂಬ ಎಲೆಯನ್ನು ನೋಡಬಹುದು. ಅದರ ವೆಚ್ಚ ೨ ಮಾನಾ, ಬಲ ೨. ಆದರೆ ೨ ಅಥವಾ ಹೆಚ್ಚು ಬಲವುಳ್ಳ ಜೀವಿಯನ್ನು ಅದು ತಡೆಯಲಾರದು. ಈ ದೋಷದಿಂದ ಅದು ಅನಾದರಕ್ಕೆ ಗುರಿಯಾಗಿತ್ತು. ದೋಷವಿರುವುದು ರಕ್ಷಣೆಯಲ್ಲಿ ಮಾತ್ರ. ಸದಾ ಮುನ್ನುಗ್ಗುವ ಕಟ್ಟಿಗೆ ಅದರಿಂದ ನಷ್ಟ ಅತ್ಯಲ್ಪ. ಎರಡನೆಯ ಸರದಿಯಲ್ಲಿ ಇಳಿದ ಈ ಜೀವಿ ಮೂರನೆಯದರಿಂದ ಆರನೆಯದರವರೆಗೆ ತಡೆಯಿಲ್ಲದೆ ಹೊಡೆದರೆ ೮ ಅಂಕ ಕಳೆಯುತ್ತದೆ. ‘ಲೈಟ್ನಿಂಗ್ ಬೋಲ್ಟ್’ಗೆ ೧ ಮಾನಾ, ‘ಇನ್ಸಿನರೇಟ್’ಗೆ ೨; ಎರಡೂ ತಲಾ ೩ ಅಂಕ ಸುಡುತ್ತವೆ. ಇಂಥ ೪ ಎಲೆಗಳಿಂದ ೧೨. ಅಲ್ಲಿಗೆ ೨೦ ಪೂರ್ಣವಾಯಿತು! ಈ ಮೂರೂ ಹೇರಳವಾಗಿ ಮುದ್ರಿತವಾದ ವರ್ಗದವು ಎಂಬುದು ಗಮನಾರ್ಹ.

ಏಕವರ್ಣದಿಂದಲೂ ಉಳಿತಾಯವುಂಟು. ಎರಡು ಬಣ್ಣಗಳ ಕಟ್ಟಿಗೆ ದ್ವಿವರ್ಣ ಭೂಮಿಗಳು ಬೇಕಾಗುತ್ತವೆ. ೧೯೯೩ರ ಅಂಥ ಭೂಮಿಗಳು ಇಂದಿಗೂ ದುಬಾರಿ. ಕೆಂಪು ಕಟ್ಟಿಗೆ ಬೆಟ್ಟದ ಚಿತ್ರದ ಸಾಮಾನ್ಯ ಭೂಮಿಯೇ ಸಾಕು. ೬೦ರಲ್ಲಿ ೨೦ ಭೂಮಿಗಳಿದ್ದರೆ ಮೊದಲ ೭ ಎಲೆಗಳಲ್ಲಿ ಸರಾಸರಿ ೨ಕ್ಕಿಂತ ತುಸು ಹೆಚ್ಚು ಭೂಮಿ ಬರುತ್ತದೆ. ಎಲೆಗಳ ವೆಚ್ಚ ೧, ೨, ೩ರೊಳಗೆ ಇದ್ದಲ್ಲಿ ಆಟ ನಡೆಯಲು ಅಷ್ಟು ಸಾಕಾಗುತ್ತದೆ.

ಹೀಗೆಂದ ಮಾತ್ರಕ್ಕೆ ಬಡವನಿಗೆ ಗೆಲುವು ಸುಲಭವೆಂದು ತಿಳಿಯಬಾರದು. ಎದುರಾಳಿ ಪ್ರಾಣಾಂಕವನ್ನು ವೃದ್ಧಿಮಾಡಿಕೊಂಡರೆ, ಅಥವಾ ಮೊದಲ ದಾಳಿಗಳನ್ನು ತಡೆದು ನಿಂತರೆ, ಕೈ ಬರಿದಾದ ಆಕ್ರಮಣಕಾರನಿಗೆ ಮುಂದೆ ಗತಿಯಿಲ್ಲ. ಇದಲ್ಲದೆ, ಗೆದ್ದ ಎಲೆಗೆ ಬೇಡಿಕೆ ಹೆಚ್ಚಿ ಅದರ ಬೆಲೆಯೂ ಏರುವುದುಂಟು. ಹೇರಳ ವರ್ಗದ ಎಲೆಗಳಿಂದಲೇ ಆಡುವ ‘ಪಾಪರ್’ ಎಂಬ ಪದ್ಧತಿ ಆಟಗಾರರಲ್ಲಿ ಬೆಳೆದು, ೨೦೧೯ರಲ್ಲಿ ಏಕರೂಪ ನಿಯಮಗಳೊಡನೆ ಸಂಸ್ಥೆಯ ಮನ್ನಣೆ ಪಡೆದುದು ಈ ಸಮಸ್ಯೆ ಮುಂದುವರಿದುದಕ್ಕೆ ಸಾಕ್ಷಿ.

ಸ್ಲೈ ಕಟ್ಟಿನಿಂದ ಸಿದ್ಧವಾಗುವುದು ಇಷ್ಟು: ಎಲೆಯ ವಿರಳತೆಯನ್ನು ಮುದ್ರಿಸುವವನು ನಿರ್ಧರಿಸುತ್ತಾನೆ; ಅದರ ಉಪಯುಕ್ತತೆ ನಿರ್ಧಾರವಾಗುವುದು ಜೊತೆಯ ಎಲೆಗಳಿಂದಲೂ ಆಡುವ ಕಾಲದಿಂದಲೂ. ಈ ಎರಡನ್ನೂ ಒಂದೇ ಎಂದು ಭಾವಿಸಿದ ಎದುರಾಳಿಯ ತಪ್ಪೇ ಅಲ್ಪಧನನಿಗೆ ದೊರೆತ ಅವಕಾಶ.