ಬಿಸಿಲಿನ ಉರಿ, ಸೊಳ್ಳೆಯ ಕಡಿತ: ಕೊಬ್ಬರಿ ಎಣ್ಣೆ ಎಷ್ಟು ಕಾಯುತ್ತದೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ. ಯುನಾನಿಯಲ್ಲಿ ಇದನ್ನು ರೋಗನೆ ನಾರ್ಜೀಲ್ ಎನ್ನುತ್ತೇವೆ. ತೋಟದಲ್ಲಿ ಕಾಯಿ ಸುಲಿಯುವವರು, ಅಂಗಳದಲ್ಲಿ ಕೊಬ್ಬರಿ ಒಡೆಯುವ ಹೆಣ್ಣುಮಕ್ಕಳು ಬಿಸಿಲಿಗೂ ಸೊಳ್ಳೆಗೂ ಇದನ್ನೇ ಹಚ್ಚುತ್ತಾರೆ. ಒಳ್ಳೆಯದೇ. ಆದರೆ ಯಾವಾಗ, ಎಷ್ಟು ಎಂಬುದು ತಿಳಿದಿರಬೇಕು.

ಕೊಬ್ಬರಿ ಎಣ್ಣೆ ಚರ್ಮದ ತೇವ ಉಳಿಸುತ್ತದೆ, ಬಿಸಿಲನ್ನು ತಡೆಯುವುದಿಲ್ಲ. ಹಗಲಿಗೆ ತುಂಬು ತೋಳಿನ ಹತ್ತಿ ಬಟ್ಟೆ, ತಲೆಗೆ ರುಮಾಲು ಬೇಕು. ಸಂಜೆ ಚರ್ಮ ಉರಿಯುತ್ತಿದ್ದರೆ ಮೊದಲು ತಣ್ಣೀರಿನಿಂದ ತಣಿಸಿ. ಉರಿ ಇಳಿದ ಮೇಲೆ ತೆಳುವಾಗಿ ಎಣ್ಣೆ ಸವರಿ. ಕಮಟು ವಾಸನೆಯ ಎಣ್ಣೆ ಬೇಡ. ಗುಳ್ಳೆ ಎದ್ದಿದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ.

ಸೊಳ್ಳೆಗೆ ಬರಿಯ ಕೊಬ್ಬರಿ ಎಣ್ಣೆ ಸಾಲದು, ಬೇವಿನ ಎಣ್ಣೆ ಸೇರಬೇಕು. 1993ರಲ್ಲಿ ಭಾರತದ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ, ಕೊಬ್ಬರಿ ಎಣ್ಣೆಗೆ ಶೇ. 2ರಷ್ಟು ಬೇವಿನ ಎಣ್ಣೆ ಬೆರೆಸಿ ಹಚ್ಚಿದವರನ್ನು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳು 12 ಗಂಟೆ ಕಚ್ಚಲಿಲ್ಲ. ಬೇರೆ ಜಾತಿಯ ಸೊಳ್ಳೆಗಳ ಮೇಲೆ ಫಲ ಅಷ್ಟು ಪೂರ್ಣವಾಗಿರಲಿಲ್ಲ. ಅಳತೆ ಸುಲಭ: 100 ಮಿ.ಲೀ. ಕೊಬ್ಬರಿ ಎಣ್ಣೆಗೆ 2 ಮಿ.ಲೀ. ಬೇವಿನ ಎಣ್ಣೆ. ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ; ತುರಿಕೆಯಾದರೆ ಬಿಟ್ಟುಬಿಡಿ. ಕೂಸುಗಳಿಗೆ ಸೊಳ್ಳೆ ಪರದೆ ಕಟ್ಟಿ. ಬೇವಿನ ಎಣ್ಣೆ, ಕರ್ಪೂರ ಹಚ್ಚಬೇಡಿ. ಬೇವಿನ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ, ಶೀಶೆ ಎತ್ತರದಲ್ಲಿರಲಿ.

ವುಝೂ ಮಾಡುವಾಗ ಮುಖ, ಕೈ, ಪಾದ ತೊಳೆಯುತ್ತೀರಿ. ಸೊಳ್ಳೆ ಕಚ್ಚುವುದೂ ತೆರೆದಿರುವ ಈ ಭಾಗಗಳಿಗೇ. ಆದ್ದರಿಂದ ನಮಾಝ್ ಮುಗಿಸಿ ಮತ್ತೆ ಎಣ್ಣೆ ಸವರಿಕೊಳ್ಳಿ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಹುಟ್ಟುವುದು ನಿಂತ ತಿಳಿನೀರಿನಲ್ಲಿ. ಮಳೆ ಬಿದ್ದರೆ ಹಿತ್ತಲಿಗೆ ಎಸೆದ ಚಿಪ್ಪು, ಎಳನೀರಿನ ಬುರುಡೆಯೇ ಅದಕ್ಕೆ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ. ಅದಕ್ಕೇ ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ಎಂದಿಟ್ಟುಕೊಳ್ಳಿ, ಚಿಪ್ಪುಗಳನ್ನು ಬೋರಲು ಹಾಕಿ, ಇಲ್ಲವೇ ಸೂರಿನಡಿ ಸೇರಿಸಿ. ನೀರಿನ ತೊಟ್ಟಿ ಉಜ್ಜಿ ತೊಳೆದು ಮುಚ್ಚಿಡಿ.

ಜ್ವರದ ಜೊತೆ ಕಣ್ಣಿನ ಹಿಂದೆ, ಕೀಲುಗಳಲ್ಲಿ ನೋವಿದ್ದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ತಂದು ನುಂಗಬೇಡಿ. ಡೆಂಗಿಯಾಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸಬಹುದು. ಕಷಾಯ ಕುಡಿಯುತ್ತಾ ದಿನ ಕಳೆಯಲೂ ಬೇಡಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.