ಹೊಗೆಯಾಡಿದರೆ ಎಣ್ಣೆಯನ್ನು ಬಯ್ಯಬೇಡಿ

ನಾವು ಹೊಸೂರು ಸೀಮೆಯವರು. ಈ ಕಡೆ ಕನ್ನಡದವರ ಸೀಮೆಎಣ್ಣೆ ತಮಿಳರಿಗೆ ಮಣ್ಣೆಣ್ಣೆ, ತೆಲುಗರಿಗೆ ಕಿರಸನಾಯಿಲು. ಹೆಸರು ಮೂರಾದರೂ ದೂರು ಒಂದೇ. ಸ್ಟವ್ ಹೊಗೆಯಾಡಿತೋ, "ಎಣ್ಣೆ ಕಲಬೆರಕೆ ಕಣ್ರೀ!"

ನಾನೂ ಹಾಗೇ ಅಂದವನು. ಸಿಲಿಂಡರ್ ಬರುವುದು ತಡವಾಗಿ ಅಟ್ಟದಿಂದ ಹತ್ತು ಬತ್ತಿಯ ಸ್ಟವ್ ಇಳಿಸಿದ್ದೆ. ಹಚ್ಚಿದ ಕಾಲು ಗಂಟೆಗೆ ಪಾತ್ರೆಯ ತಳ ಕಾಡಿಗೆ ಡಬ್ಬಿಯಾಯಿತು. ಎಣ್ಣೆಗೆ ನಾಲ್ಕು ಬೈದು, ಆರಿಸಿ, ತಣ್ಣಗಾದ ಮೇಲೆ ಬಿಚ್ಚಿದೆ. ಮೂರು ಬತ್ತಿ ಕೊಳವೆಯೊಳಗೆ ಕುಸಿದಿದ್ದವು, ಉಳಿದವುಗಳ ತುದಿಗಳು ಕರಿ ಕಟ್ಟಿ ಹುಣಸೆ ಬೀಜದಂತೆ ಗಟ್ಟಿಯಾಗಿದ್ದವು. ಅದಕ್ಕಿಂತ ದೊಡ್ಡ ತಪ್ಪು ನನ್ನದೇ: ಬತ್ತಿಯ ಒಳಗೂ ಹೊರಗೂ ನಿಲ್ಲುವ ತೂತುಗಳ ತಗಡಿನ ಸುತ್ತುಗಳನ್ನು ಓರೆಯಾಗಿ ಕೂರಿಸಿದ್ದೆ. ಎಣ್ಣೆಯ ಆವಿಗೆ ಗಾಳಿ ಸೇರುವುದು ಆ ತೂತುಗಳಿಂದ. ಗಾಳಿ ಸಾಲದಿದ್ದರೆ ಉರಿ ಹಳದಿ, ಅದರ ಹಿಂದೆಯೇ ಮಸಿ. ಬತ್ತಿಗಳನ್ನೆಲ್ಲ ಸಮನಾಗಿ ಎಳೆದು, ಕೊಳವೆಯ ಬಾಯಿಗೆ ಸರಿಯಾಗಿ ಕತ್ತರಿಯಲ್ಲಿ ಕತ್ತರಿಸಿ, ತೂತುಗಳಿಗೆ ಬ್ರಷ್ ಹಾಕಿ, ಸುತ್ತುಗಳನ್ನು ನೆಟ್ಟಗೆ ಕೂರಿಸಿದೆ. ಅದೇ ಎಣ್ಣೆ ನೀಲಿಯಾಗಿ ಉರಿಯಿತು. ಹೊಸ ಬತ್ತಿ ಹಾಕಿದವರು ಅದು ಎಣ್ಣೆ ಹೀರುವ ತನಕ ಕಾಯಬೇಕು, ಒಣ ಬತ್ತಿಗೆ ಕಡ್ಡಿ ಗೀರಿದರೆ ಬತ್ತಿಯೇ ಸುಡುತ್ತದೆ.

ನೀಲಿ ಎಂದಾಗ ಇನ್ನೊಂದು ನಂಬಿಕೆ ನೆನಪಾಗುತ್ತದೆ. ರೇಷನ್ ಎಣ್ಣೆ ನೀಲಿಯಾಗಿರುವುದರಿಂದ ಅದು ಕೀಳು ಮಾಲು ಅನ್ನುವವರಿದ್ದಾರೆ. ಆ ಎಣ್ಣೆ ಕಾಳಸಂತೆಗೆ ಹೋಗಿ ಡೀಸೆಲ್‌ನಲ್ಲಿ ಬೆರೆತರೆ ಗುರುತು ಸಿಗಲಿ ಎಂದು ಸರ್ಕಾರ ಹಾಕಿಸುವ ಬಣ್ಣ ಅದು. ಅದಕ್ಕೂ ಉರಿಯ ನೀಲಿಗೂ ಸಂಬಂಧವಿಲ್ಲ. ಉಪ್ಪಿನ ಹರಳು ಹಾಕಿದರೆ ಹೊಗೆ ನಿಲ್ಲುತ್ತದೆ ಎಂಬುದೂ ಅಷ್ಟೇ. ಸೀಮೆಎಣ್ಣೆಯಲ್ಲಿ ಉಪ್ಪು ಕರಗುವುದೇ ಇಲ್ಲ, ಟ್ಯಾಂಕಿನ ತಳದಲ್ಲಿ ಕೂತಿರುತ್ತದೆ.

ಉರಿ ಚಟಪಟ ಸದ್ದು ಮಾಡಿ ಕುಂದಿದರೆ ಮಾತ್ರ ಟ್ಯಾಂಕನ್ನು ಅನುಮಾನಿಸಬಹುದು. ಆಗಲೂ ಕಳ್ಳ ಬಹುಮಟ್ಟಿಗೆ ನೀರು. ಎಣ್ಣೆಗಿಂತ ಭಾರವಾದ್ದರಿಂದ ಅದು ತಳ ಸೇರುತ್ತದೆ, ಬತ್ತಿ ಅದನ್ನೂ ಹೀರುತ್ತದೆ. ಟ್ಯಾಂಕ್ ಪೂರ್ತಿ ಬಗ್ಗಿಸಿ, ಸ್ವಲ್ಪ ಎಣ್ಣೆಯಲ್ಲೇ ಕುಲುಕಿ ಚೆಲ್ಲಿ, ಬತ್ತಿಯನ್ನು ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ.

ಪಂಪ್ ಸ್ಟವ್‌ನ ಕಥೆಯೇ ಬೇರೆ. 1892ರ ಸುಮಾರಿಗೆ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಇದರ ಅಜ್ಜ. ಇದಕ್ಕೆ ಬತ್ತಿಯಿಲ್ಲ, ಕಾದ ಕೊಳವೆಯಲ್ಲಿ ಎಣ್ಣೆ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ನುಗ್ಗಿ ಉರಿಯುತ್ತದೆ. "ಉರಿ ಕುಂದಿತು, ಇನ್ನೊಂದಷ್ಟು ಪಂಪ್ ಹೊಡಿ" ಅನ್ನುವುದು ಇಲ್ಲಿ ದೊಡ್ಡ ತಪ್ಪು. ಕಟ್ಟಿಕೊಂಡಿರುವುದು ತೂತು, ಪಂಪ್ ಹೊಡೆದಷ್ಟೂ ಟ್ಯಾಂಕಿನೊಳಗೆ ಒತ್ತಡ ಏರುತ್ತದೆ. ಗಾಳಿ ಬಿಟ್ಟು, ಆರಿದ ಮೇಲೆ ಪಿನ್ ಹಾಕಿ. ಹಚ್ಚುವಾಗ ಭಗ್ಗೆಂದು ಎದ್ದರೆ ತಲೆಭಾಗ ಸಾಕಷ್ಟು ಕಾದಿಲ್ಲ, ಎಣ್ಣೆ ಹಸಿಯಾಗಿಯೇ ಚಿಮ್ಮುತ್ತಿದೆ ಎಂದರ್ಥ. ಪಂಪ್ ಹಿಡಿಯದಿದ್ದರೆ ಗುಜರಿಗೆ ಹಾಕುವ ಮುಂಚೆ ಸಲಾಕೆ ಎಳೆದು ನೋಡಿ: ತುದಿಯ ಚರ್ಮದ ವಾಷರ್ ಹಪ್ಪಳದಂತೆ ಒಣಗಿರುತ್ತದೆ. ಎರಡು ತೊಟ್ಟು ಎಣ್ಣೆ ಸವರಿ, ಅಂಚನ್ನು ಬೆರಳಲ್ಲಿ ಅಗಲಿಸಿದರೆ ಅನೇಕ ಸಲ ಮತ್ತೆ ಗಾಳಿ ಹಿಡಿಯುತ್ತದೆ.

ಸ್ವಲ್ಪ ಪೆಟ್ರೋಲ್ ಬೆರೆಸಿದರೆ ಬೇಗ ಹತ್ತುತ್ತದೆ ಎನ್ನುವವರ ಹತ್ತಿರವೂ ಸುಳಿಯಬೇಡಿ. ಸೀಮೆಎಣ್ಣೆಯ ಆವಿಗೆ ಕಿಡಿ ತಗುಲಬೇಕಾದರೆ ಸುಮಾರು 35 ಡಿಗ್ರಿಯಾದರೂ ಕಾಯಬೇಕು. ಪೆಟ್ರೋಲ್ ಮಂಜುಗಡ್ಡೆಯ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ. ಉರಿಯುವ ಸ್ಟವ್‌ಗೆ ಎಣ್ಣೆ ಸುರಿಯುವುದು, ಹೊತ್ತಿಕೊಂಡ ಎಣ್ಣೆಗೆ ನೀರು ಎರಚುವುದು ಎರಡೂ ಮನೆ ಸುಡುವ ದಾರಿ. ನೀರಿನ ಮೇಲೆ ಎಣ್ಣೆ ತೇಲಿಕೊಂಡು ಬೆಂಕಿಯನ್ನೂ ಹೊತ್ತೊಯ್ಯುತ್ತದೆ. ಒದ್ದೆ ಗೋಣಿಚೀಲವೋ ಮರಳೋ ಕೈಗೆಟುಕುವಂತಿರಲಿ.

ಇವೆಲ್ಲ ಕಣ್ಣಿಗೆ ಕಾಣುವ ತಾಪತ್ರಯಗಳು. ನನಗೆ ಹೆಚ್ಚು ಭಯ "ಹೊಗೆಯಿಲ್ಲ, ವಾಸನೆಯಿಲ್ಲ, ಹಾಗಾದರೆ ಅಪಾಯವಿಲ್ಲ" ಎಂಬ ನಂಬಿಕೆಯದು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಾರ್ಗಶಿರದ ಚಳಿ ಹಲ್ಲು ಕಡಿಸುತ್ತದೆ. ಬಾಣಂತಿಗೂ ಕೂಸಿಗೂ ಬೆಚ್ಚಗಿರಲಿ ಎಂದು ಕೋಣೆಯ ಕಿಟಕಿ ಬಿಗಿದು, ಅಗ್ಗಿಷ್ಟಿಕೆಯಲ್ಲಿ ಕೆಂಡವನ್ನೋ ಸ್ಟವ್ ಅನ್ನೋ ಇಟ್ಟು ಮಲಗುತ್ತಾರೆ. ಗಾಳಿ ಸಾಲದ ಬೆಂಕಿ ಹೊಮ್ಮಿಸುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೊಗೆಯಾಡದ ನಿಗಿನಿಗಿ ಕೆಂಡದಿಂದಲೂ ಈ ಅನಿಲ ಧಾರಾಳವಾಗಿ ಬರುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಂಪರನ್ನು ನಿದ್ದೆ ಎಂದುಕೊಂಡವರು ಏಳುವುದಿಲ್ಲ. ಹಾಗೆನಿಸಿದ ಕೂಡಲೇ ಎಲ್ಲರನ್ನೂ ಬಯಲಿಗೆ ಕರೆತಂದು, ಆಸ್ಪತ್ರೆಗೆ ಸಾಗಿಸಬೇಕು.

ಕೋಣೆ ಬೆಚ್ಚಗಾಗುವಷ್ಟು ಹೊತ್ತು ಕಿಟಕಿ ತೆರೆದಿಟ್ಟೇ ಬೆಂಕಿ ಇಡಿ. ಮಲಗುವ ಮುಂಚೆ ಸ್ಟವ್ ಆರಿಸಿ, ಕೆಂಡವನ್ನು ಅಂಗಳಕ್ಕೆ ಸಾಗಿಸಿ, ಬಾಣಂತಿಗೆ ಇನ್ನೊಂದು ಕಂಬಳಿ ಹೊದಿಸಿ.