ಬಾಡಿಗೆ ದೋಣಿ ಮತ್ತು ಪ್ರಯಾಣಿಕರ ಸುರಕ್ಷತೆ

ಮುಂಬಯಿ ಮಹಾನಗರದ ಪೂರ್ವ ಅಂಚಿನಲ್ಲಿರುವ ಚೆಂಬೂರು ಜನವಸತಿಗೂ ಕೈಗಾರಿಕೆಗೂ ಹೆಸರಾದ ಉಪನಗರ. ಅದಕ್ಕೆ ಹೊಂದಿಕೊಂಡ ಮಾಹುಲ್ ಮತ್ತು ಟ್ರಾಂಬೆ, ಸಮುದ್ರದ ನೀರು ನೆಲದೊಳಕ್ಕೆ ಚಾಚಿಕೊಂಡಿರುವ ಠಾಣೆ ಖಾಡಿಯ ದಡದಲ್ಲಿವೆ. ಇಲ್ಲಿ ಕೋಲಿ ಜನಾಂಗದ ಮೀನುಗಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಚಳಿಗಾಲದಿಂದ ಬೇಸಗೆಯವರೆಗೆ ಖಾಡಿಯ ಕೆಸರು ಬಯಲಿಗೆ ಬಂದಿಳಿಯುವ ರಾಜಹಂಸಗಳನ್ನು ಕಾಣಲು ಜನರು ಮೀನುಗಾರಿಕೆ ದೋಣಿಗಳನ್ನು ಬಾಡಿಗೆಗೆ ಹಿಡಿಯುವುದುಂಟು. ನಿರಪಾಯವೆಂದು ತೋರುವ ಈ ವಿಹಾರದ ಹಿಂದೆ ಕಾನೂನಿನ ಹಾಗೂ ಪ್ರಾಣರಕ್ಷಣೆಯ ಪ್ರಶ್ನೆಯೊಂದು ಅಡಗಿದೆ.

ಮೀನು ಹಿಡಿಯುವ ದೋಣಿಯ ರಚನೆಯೇ ಬೇರೆ. ಬಲೆ, ಮಂಜುಗಡ್ಡೆ, ಮೀನು ಮುಂತಾದ ಭಾರವು ಅದರ ತಳಭಾಗದಲ್ಲಿರುತ್ತದೆ. ಅದೇ ದೋಣಿಯ ಮೇಲ್ಭಾಗದಲ್ಲಿ ಜನರನ್ನು ನಿಲ್ಲಿಸಿದಾಗ ಭಾರದ ಕೇಂದ್ರ ಮೇಲಕ್ಕೇರಿ ದೋಣಿಯ ಸಮತೋಲ ಕುಗ್ಗುತ್ತದೆ. ಹಕ್ಕಿಯ ಹಿಂಡೊಂದು ಎದ್ದಿತೆಂದು ಎಲ್ಲರೂ ಒಂದೇ ಬದಿಗೆ ಸರಿದರೆ ದೋಣಿ ಮಗುಚಬಹುದು. ಇಳಿತದ ವೇಳೆ ಖಾಡಿಯಲ್ಲಿ ಕೆಸರು ದಿಬ್ಬಗಳು ತಲೆಯೆತ್ತುವುದರಿಂದ ದೋಣಿ ಸಿಕ್ಕಿಹಾಕಿಕೊಳ್ಳುವ ಅಪಾಯವೂ ಇದೆ.

ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಸಂಭವಿಸಿದ ದುರಂತ ಇದಕ್ಕೆ ನಿದರ್ಶನ. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ, ಎರಡಂತಸ್ತು ಮಾಡಿ, ವಿಹಾರಕ್ಕೆ ಬಳಸಲಾಗುತ್ತಿತ್ತು. ಮಿತಿಮೀರಿ ಜನರನ್ನು ತುಂಬಿಕೊಂಡು ಸಂಜೆಗತ್ತಲಲ್ಲಿ ಹೊರಟ ಆ ದೋಣಿ ಮಗುಚಿ 22 ಮಂದಿ ಅಸುನೀಗಿದರು. ಕರ್ನಾಟಕದ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಮೃತಪಟ್ಟರು. ಮುಂಬಯಿ ಬಂದರಿನಲ್ಲಿಯೇ 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್‌ಕಮಲ್' ದೋಣಿಗೆ ನೌಕಾಪಡೆಯ ವೇಗದೋಣಿ ಅಪ್ಪಳಿಸಿ 15 ಜೀವಗಳು ಹೋದವು. ಅದು ಪರವಾನಗಿ ಪಡೆದ ದೋಣಿಯಾಗಿತ್ತು. ದುರಂತಕ್ಕೆ ಡಿಕ್ಕಿಯೇ ಕಾರಣವಾಗಿತ್ತು. ಆದರೂ ಅದರಲ್ಲಿ ಅನುಮತಿಗಿಂತ ಹೆಚ್ಚು ಜನರಿದ್ದರು. ಅನೇಕರ ಮೈಮೇಲೆ ಜೀವರಕ್ಷಕ ಅಂಗಿ ಇರಲಿಲ್ಲ. ಪರವಾನಗಿ ಪತ್ರವೊಂದೇ ಸಾಲದು, ಅದರ ಷರತ್ತುಗಳ ಪಾಲನೆಯೂ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಳನಾಡು ಜಲಯಾನಗಳಿಗೆ ಸಂಬಂಧಿಸಿದ 1917ರ ಕಾಯಿದೆಯ ಸ್ಥಾನದಲ್ಲಿ ಸಂಸತ್ತು 2021ರಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಇದರ ಪ್ರಕಾರ ಯಂತ್ರಚಾಲಿತ ದೋಣಿಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ, ವಿಮೆ, ಅರ್ಹ ಸಿಬ್ಬಂದಿ ಹಾಗೂ ಜೀವರಕ್ಷಕ ಸಾಧನಗಳು ಇರತಕ್ಕದ್ದು. ನಿಯಮ ಮೀರಿದ ದೋಣಿಯನ್ನು ತಡೆಹಿಡಿಯುವ ಅಧಿಕಾರವನ್ನೂ ನೀಡಲಾಗಿದೆ. ಮೀನುಗಾರಿಕೆಗೆಂದು ಮಾತ್ರ ನೋಂದಣಿಯಾದ ದೋಣಿ, ಬಾಡಿಗೆ ಪಡೆದ ಮಾತ್ರಕ್ಕೆ ಪ್ರಯಾಣಿಕರ ದೋಣಿಯಾಗಲಾರದು.

ಮಹಾರಾಷ್ಟ್ರದಲ್ಲಿ ಈ ಹೊಣೆ ಹಲವರ ನಡುವೆ ಹಂಚಿಹೋಗಿದೆ. 1996ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಸಾಗರ ಮಂಡಳಿ ಪ್ರಯಾಣಿಕರ ದೋಣಿಗಳಿಗೆ ಅನುಮತಿ ನೀಡುತ್ತದೆ. ಐರೋಳಿ ಮತ್ತು ವಾಶಿ ಸೇತುವೆಗಳ ನಡುವಣ ಖಾಡಿ 2015ರಲ್ಲಿ ರಾಜಹಂಸ ಅಭಯಾರಣ್ಯವೆಂದು ಘೋಷಿತವಾಗಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ಟ್ರಾಂಬೆಯ ದಡದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವೂ ಮಾಹುಲ್‌ನಲ್ಲಿ ತೈಲ ಶುದ್ಧೀಕರಣಾಗಾರಗಳೂ ಇರುವುದರಿಂದ ಪೊಲೀಸರ ಪಹರೆ ಅನಿವಾರ್ಯ. 2008ರ ನವೆಂಬರ್ 26ರ ದಾಳಿಕೋರರು ಅಪಹರಿಸಿದ ಮೀನುಗಾರಿಕಾ ದೋಣಿಯಲ್ಲಿಯೇ ಮುಂಬಯಿಯನ್ನು ಸಮೀಪಿಸಿದ್ದರೆಂಬುದನ್ನು ಮರೆಯುವಂತಿಲ್ಲ.

ಆದರೆ ನಡುನೀರಿನಲ್ಲಿ ನಡೆಸುವ ತಪಾಸಣೆಗಿಂತ ದಡದ ತಪಾಸಣೆಯೇ ಹೆಚ್ಚು ಫಲಕಾರಿ. ದೋಣಿ ಹೊರಡುವ ಮುನ್ನ ಧಕ್ಕೆಯಲ್ಲಿಯೇ ಜನರನ್ನು ಎಣಿಸಿ, ಹೆಚ್ಚಾದವರನ್ನು ಇಳಿಸಿದರೆ ಅನಾಹುತ ತಪ್ಪುತ್ತದೆ. ಕ್ರಮವೆಂದರೆ ಮೀನುಗಾರನ ಅನ್ನ ಕಸಿಯುವುದೆಂದು ಭಾವಿಸಬೇಕಾಗಿಲ್ಲ. ತಕ್ಕ ದೋಣಿ, ತರಬೇತಿ ಮತ್ತು ಅನುಮತಿ ದೊರೆತರೆ ವಿಹಾರದ ಆದಾಯ ಅವನಿಗೂ ನ್ಯಾಯವಾಗಿಯೇ ಸಲ್ಲುತ್ತದೆ. ಅನುಮತಿಯಿಲ್ಲದ ದೋಣಿ ಮುಳುಗಿದರೆ ಅವನು ಜೀವನಾಧಾರವನ್ನೂ ಸ್ವಾತಂತ್ರ್ಯವನ್ನೂ ಒಮ್ಮೆಲೇ ಕಳೆದುಕೊಳ್ಳುವ ಸಂಭವವಿದೆ.

ನಾಗರಿಕರ ಪಾತ್ರವೂ ಕಡಿಮೆಯದಲ್ಲ. ದೋಣಿ ಹತ್ತುವ ಮೊದಲು ನೋಂದಣಿ ಸಂಖ್ಯೆಯನ್ನೂ ಅನುಮತಿಸಿದ ಪ್ರಯಾಣಿಕರ ಸಂಖ್ಯೆಯನ್ನೂ ನೋಡಬೇಕು. ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿ ಕೇಳಿ ಪಡೆದು, ಹೊರಡುವ ಮೊದಲೇ ಧರಿಸಬೇಕು. ಕತ್ತಲಾದ ಮೇಲೆ ವಿಹಾರಕ್ಕೆ ಹೋಗಬಾರದು. ಸಂಶಯ ಬಂದಲ್ಲಿ 112ಕ್ಕೆ, ಸಮುದ್ರದಲ್ಲಿ ಅಪಾಯ ಒದಗಿದಲ್ಲಿ ತಟರಕ್ಷಣಾ ಪಡೆಯ 1554ಕ್ಕೆ ದೂರವಾಣಿ ಮಾಡಬಹುದು. ಹತ್ತುವುದಿಲ್ಲವೆಂದು ದಡದಲ್ಲಿ ನಿಂತು ಹೇಳುವ ಒಬ್ಬ ಪ್ರಯಾಣಿಕನ ಮಾತು ಇಡೀ ದೋಣಿಯ ಜನರನ್ನು ಉಳಿಸಬಲ್ಲದು.